ಪಾಲಾರ್ ಮತ್ತು ದಕ್ಷಿಣ ಪಿನಾಕಿನಿ ಕೆರೆಗಳ ನಾಡಮೀನು: ವಂಶಶಾಖೆಯ ದೃಷ್ಟಿಯಿಂದ ಒಂದು ಟಿಪ್ಪಣಿ

ಬೇತಮಂಗಲದ ಕೆರೆ ಪಾಲಾರ್ ನದಿಯದು, ಕೆ.ಜಿ.ಎಫ್. ಗಣಿಗೂ ಗಣಿ ಕಾಲೋನಿಗಳಿಗೂ ನೀರು ಕೊಟ್ಟದ್ದು ಅದೇ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹರಿಯುವ ಮಾರ್ಕಂಡೇಯ ನದಿಯಾದರೋ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಾಲಾರ್ ವಯಲೂರಿನ ಬಳಿ, ಪಿನಾಕಿನಿ ಕಡಲೂರಿನ ಬಳಿ ಸಮುದ್ರ ಮುಟ್ಟುತ್ತವೆ. ನೆಲದ ದಿಣ್ಣೆಯನ್ನಾಗಲಿ ಉಪ್ಪುನೀರನ್ನಾಗಲಿ ದಾಟಲಾರದ ಮೀನಿಗೆ ಇವು ಎರಡು ಬೇರೆ ಲೋಕಗಳು. ಹೆಸರು ಒಂದೇ ಇದ್ದರೂ ಇಲ್ಲಿನ ನಾಡಮೀನುಗಳು ಎರಡು ವಂಶಶಾಖೆಗೆ ಸೇರಿರಬಹುದೆಂದು ಊಹಿಸಲು ಇಷ್ಟು ಸಾಕು.

ಇಂಥ ಊಹೆಗೆ ಪೂರ್ವನಿದರ್ಶನವಿದೆ. ಯುರೋಪಿನ ಕಂದು ಟ್ರೌಟ್ ಮೀನಿನ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಪರಿಶೀಲಿಸಿದ ಲೂಯಿ ಬರ್ನಾಶೆ ಮತ್ತು ಸಂಗಡಿಗರು 1992ರಲ್ಲಿ ಅದರಲ್ಲಿ ಐದು ಮುಖ್ಯ ಶಾಖೆಗಳನ್ನು ಗುರುತಿಸಿದರು. ಅವುಗಳಲ್ಲಿ ಅಟ್ಲಾಂಟಿಕ್, ಡ್ಯಾನ್ಯೂಬ್, ಮೆಡಿಟರೇನಿಯನ್ ಶಾಖೆಗಳ ಹೆಸರೇ ನೀರಿನ ಭೂಗೋಳವನ್ನು ಹೇಳುತ್ತದೆ.

ನಮಗೆ ಹತ್ತಿರದ ಪಾಠ ಕಾವೇರಿಯ ಮಹಶೀರ್‌ನದು. ಕತ್ತಿನ ಹಿಂದೆಯೇ ಉಬ್ಬಿದ ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದದ್ದು 120 ಪೌಂಡ್ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರರು ರೂಪಲಕ್ಷಣ, ಡಿಎನ್‌ಎ ಎರಡನ್ನೂ ಹೋಲಿಸಿ ಅದು ಟಾರ್ ರೇಮಾದೇವಿ ಎಂದು ನಿಶ್ಚಯಿಸಿದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಅಷ್ಟರೊಳಗೆ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ, ಕೃಷ್ಣಾ ಕಣಿವೆಯ ನೀಲಿರೆಕ್ಕೆಯ ಮಹಶೀರ್ ಕಾವೇರಿಯನ್ನು ತುಂಬಿಬಿಟ್ಟಿತ್ತು. ಮರಿ ಬಿಟ್ಟವರ ಉದ್ದೇಶ ಸಂರಕ್ಷಣೆಯೇ. ಆದರೆ ನದಿಯಲ್ಲಿ ಯಾವ ಮೀನಿದೆ ಎಂದು ಮೊದಲು ತಿಳಿದುಕೊಳ್ಳಲಿಲ್ಲ. ಇದು ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ.

ಕೋಲಾರದಲ್ಲಿ ಈಗ ಅದೇ ಹಂತ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಪಿನಾಕಿನಿ ಕಣಿವೆಯ ಬೆಂಗಳೂರಿನಿಂದ ಪಾಲಾರ್ ಕಣಿವೆಯ ಕೆರೆಗಳಿಗೆ ಹರಿದಿದೆ. ನೀರು ನಿಂತ ಕೆರೆಗೆ ಮೀನುಗುತ್ತಿಗೆಯೂ ಬರುತ್ತದೆ, ಬಿತ್ತನೆ ಮರಿಯೂ ಬರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲದಲ್ಲಿ ಗಂಗಾ ಬಯಲಿನವು; ಜಿಲೇಬಿ (ತಿಲಾಪಿಯಾ) ಆಫ್ರಿಕಾದ್ದು. ಇವುಗಳಿಂದ ಇಲ್ಲಿನ ನಾಡಮೀನಾದ ಕೊರವನಿಗೆ ಜಾಗ, ಆಹಾರಗಳ ಪೈಪೋಟಿಯುಂಟು, ಬೆರಕೆಯ ಭಯವಿಲ್ಲ. ಬೆರಕೆಯಾಗುವುದು ಬೇರೆ ಕಣಿವೆಯ ಕೊರವನ ಮರಿಯನ್ನೇ ತಂದು ಬಿಟ್ಟಾಗ. ಅದು ಕಣ್ಣಿಗೆ ಕಾಣುವುದೂ ಇಲ್ಲ.

ಅದನ್ನು ಡಿಎನ್‌ಎಯಿಂದಲೇ ತಿಳಿಯಬೇಕು; ಅದಕ್ಕೆ ಮಾದರಿ ಸಂಗ್ರಹ ಕಷ್ಟದ ಕೆಲಸವಲ್ಲ. ರೆಕ್ಕೆಯ ಅಂಚಿನಿಂದ ಕಿರುಬೆರಳ ಉಗುರಿನಷ್ಟು ಚೂರು ಕತ್ತರಿಸಿ, 95 ಪ್ರತಿಶತ ಆಲ್ಕೋಹಾಲ್ ತುಂಬಿದ ಶೀಶೆಗೆ ಹಾಕಿ, ಕೆರೆ, ಕಣಿವೆ, ದಿನಾಂಕಗಳನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಒಳಗೇ ಇಡಬೇಕು. ಶಾಯಿಯಾದರೆ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಮೀನನ್ನು ಮತ್ತೆ ನೀರಿಗೆ ಬಿಡಬಹುದು. ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ ಬೆರಕೆಯನ್ನು ಅದೊಂದರಿಂದಲೇ ಪತ್ತೆಹಚ್ಚಲಾಗದು. ಕೋಶಕೇಂದ್ರದ ಗುರುತುಗಳನ್ನೂ ಓದಬೇಕು.

ಪೈಪಿನ ನೀರು ಮುಟ್ಟದ, ಮರಿ ಬಿತ್ತನೆಯಾಗದ ಮೇಲ್ಗೆರೆಗಳಿಂದಲೇ ಈ ಸಂಗ್ರಹ ಶುರುವಾಗಲಿ. ಅದರ ಫಲಿತಾಂಶ ತಿಳಿಯುವವರೆಗೆ ಒಂದು ಕಣಿವೆಯ ನಾಡಮೀನಿನ ಮರಿಯನ್ನು ಇನ್ನೊಂದು ಕಣಿವೆಯ ಕೆರೆಗೆ ಬಿಡಬಾರದೆಂದು ಮೀನುಗಾರಿಕೆ ಇಲಾಖೆಯನ್ನೂ ಕೆರೆ ಗುತ್ತಿಗೆದಾರರನ್ನೂ ಕೋರುತ್ತೇನೆ.