ಕವಲುಹಳಿಯ ಪಾಠ

ನಮ್ಮ ಹುಳಿಯಾರಿಗೆ ರೈಲು ಬರಲಿಲ್ಲ. ಬಸ್ಸು ಹತ್ತಿ ತಿಪಟೂರಿಗೆ ಹೋದರಷ್ಟೇ ನಮ್ಮ ಮಕ್ಕಳಿಗೆ ಅದರ ದರ್ಶನ. ಅದರಿಂದಲೇ ಇರಬೇಕು, ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ವಸ್ತುಪ್ರದರ್ಶನಕ್ಕೆ ಸೈಕಲ್ ಕಡ್ಡಿಗಳನ್ನು ಹಳಿಗಳಾಗಿಯೂ ಬೆಂಕಿಕಡ್ಡಿಗಳನ್ನು ಸ್ಲೀಪರುಗಳಾಗಿಯೂ ಜೋಡಿಸಿ ತಂದಿದ್ದನು. ಬಂಡಿ ನೇರದಾರಿಯಲ್ಲಿ ಸರಾಗವಾಗಿ ಓಡಿತು. ಹಳಿ ಕವಲೊಡೆಯುವಲ್ಲಿ ಉರುಳಿಬಿದ್ದಿತು. ‘ಇವನ ಲೆಕ್ಕದಂತೆ ಇವನ ರೈಲೂ ದಾರಿ ತಪ್ಪಿತು’ ಎಂದು ಎಲ್ಲರೆದುರು ನಕ್ಕೆನು. ಹುಡುಗ ತಲೆ ತಗ್ಗಿಸಿ ನಿಂತಿದ್ದನು.

ಕಳೆದ ವರ್ಷ ಅವನೇ ನನ್ನನ್ನು ಬೆಂಗಳೂರಿನ ತನ್ನ ಮನೆಗೆ ಕರೆದೊಯ್ದನು. ಅಲ್ಲಿ ಉದ್ದನೆಯ ಮೇಜಿನ ಮೇಲೆ ಮೀಟರ್‌ಗೇಜಿನ ಕಾಲದ ತಿಪಟೂರು ನಿಲ್ದಾಣವಿತ್ತು!

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ, 1889ರಲ್ಲಿ, ಅದು ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರ ಮುಟ್ಟಿತು. ಒಂದು ಮೀಟರ್ ಅಂತರದ ಆ ಹಳಿಗಳು ನೂರು ವರ್ಷಕ್ಕೂ ಮಿಗಿಲಾಗಿ ನಮ್ಮ ಸೀಮೆಯನ್ನು ಹೊರಜಗತ್ತಿಗೆ ಬೆಸೆದಿದ್ದವು. ದೇಶದಲ್ಲೆಲ್ಲ ಒಂದೇ ಗೇಜು ಇರಬೇಕೆಂದು 1992ರಲ್ಲಿ ಯೋಜನೆ ಆರಂಭವಾದ ಮೇಲೆ ಅವನ್ನು ಕಿತ್ತು, 1676 ಮಿಲಿಮೀಟರ್ ಅಂತರದ ಬ್ರಾಡ್‌ಗೇಜ್ ಹಾಕಿದರು.

‘ಅಂಗಡಿಯಲ್ಲಿ ಆಟದ ಹಳಿ ಸಿಗುವುದಿಲ್ಲವೇನಪ್ಪ?’ ಎಂದು ಕೇಳಿದೆ.

‘ಸಿಗುತ್ತದೆ ಮೇಷ್ಟ್ರೇ, ನಮ್ಮದಲ್ಲ’ ಎಂದನು. ಮೂಲದ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಹೆಚ್ಚಾಗಿ ಮಾರುವ ಹಳಿಯ ಅಂತರ 16.5 ಮಿಲಿಮೀಟರ್. ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರ್ ಗೇಜಿಗೆ ಹೊಂದುವಂಥದು. ನಮ್ಮ ಬ್ರಾಡ್‌ಗೇಜಿಗೆ 19.3 ಬೇಕು, ಹಳೆಯ ಮೀಟರ್‌ಗೇಜಿಗೆ 11.5. ಆದ್ದರಿಂದ ಅವನು ಒಂದೊಂದು ಸ್ಲೀಪರನ್ನೂ ಕೈಯಿಂದಲೇ ಕೂರಿಸಿ, ಅಳತೆಪಟ್ಟಿ ಇಟ್ಟು, ಹಳಿಯನ್ನು ಬೆಸುಗೆ ಹಾಕುತ್ತಾನೆ. ಕವಲಿನ ನಾಲಗೆಹಳಿಯನ್ನು ಅರದಿಂದ ಉಜ್ಜಿ ಉಜ್ಜಿ ಚೂಪು ಮಾಡುತ್ತಾನೆ.

ಅಂದು ಬಂಡಿ ಬಿದ್ದುದೇಕೆಂದು ಅವನೇ ವಿವರಿಸಿದನು. ರೈಲಿನ ಚಕ್ರಕ್ಕೆ ಒಳಬದಿಯಲ್ಲಿ ಅಂಚು ಇರುತ್ತದೆ. ಎರಡು ದಾರಿಗಳ ಒಳಹಳಿಗಳು ಒಂದನ್ನೊಂದು ದಾಟುವಲ್ಲಿ ಆ ಅಂಚು ನುಸುಳಲು ಸಣ್ಣ ಬಿಡುವು ಬೇಕು. ಆ ಬಿಡುವಿನಲ್ಲಿ ಚಕ್ರ ತಪ್ಪುದಾರಿ ಹಿಡಿಯದಂತೆ ಎದುರುಬದಿಯ ಹಳಿಗೆ ಕಾವಲಾಗಿ ಇನ್ನೊಂದು ತುಂಡುಹಳಿ ಇರಬೇಕು. ಹುಡುಗನ ಕವಲಿನಲ್ಲಿ ಇವೆರಡೂ ಇರಲಿಲ್ಲ.

ತರಗತಿಯಲ್ಲಿ ನಾನು 1889 ಎಂಬ ಇಸವಿಯನ್ನು ಬಾಯಿಪಾಠ ಮಾಡಿಸಿದೆ, ದಿವಾನರ ಹೆಸರನ್ನು ಹೇಳಿಸಿದೆ. ಬಿಸಿಲಲ್ಲಿ ಬಾಗಿ, ಹಾರೆಯಿಂದ ಹಳಿ ಸರಿಸಿ, ಗೇಜುಪಟ್ಟಿಯಿಂದ ಅಳೆದ ಕೂಲಿಗಳ ಹಾಗೂ ಗ್ಯಾಂಗ್‌ಮನ್‌ಗಳ ವಿದ್ಯೆಯನ್ನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗನ ತಪ್ಪು ನನಗೆ ನಗೆಯಾಗಿ ಕಾಣದೆ ಪ್ರಶ್ನೆಯಾಗಿ ಕಾಣುತ್ತಿತ್ತು.

‘ಅಂದು ನಗಬಾರದಿತ್ತು ಕಣಪ್ಪ’ ಎಂದೆ. ಅವನು ಉತ್ತರಿಸಲಿಲ್ಲ. ಪುಟ್ಟ ಗಾಡಿಯನ್ನು ನನ್ನ ಕೈಗಿತ್ತು, ‘ನೀವೇ ತಳ್ಳಿ ಮೇಷ್ಟ್ರೇ’ ಎಂದನು. ಕವಲಿನಲ್ಲಿ ಅದು ಸದ್ದಿಲ್ಲದೆ ತಿರುಗಿ ತಿಪಟೂರನ್ನು ಸೇರಿತು.