ಗೋಡೆಯ ಪಟದಲ್ಲಿ ಉಳಿದ ಕೋವಿ

ಮಲೆನಾಡಿನ, ಕೊಡಗಿನ ಎಷ್ಟೋ ಹಳೆಯ ಮನೆಗಳ ಜಗಲಿಯಲ್ಲಿ ಇಂಥದೊಂದು ಪಟ ಕಾಣಸಿಗುತ್ತದೆ. ಕರಿ ಕೋಟು ತೊಟ್ಟು, ಪೇಟ ಸುತ್ತಿದ ಅಜ್ಜ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಮೊಣಕಾಲಿಗೆ ಒರಗಿ ಜೋಡುನಳಿಗೆ ಕೋವಿಯೊಂದು ನಿಂತಿರುತ್ತದೆ. ನಮ್ಮ ಮನೆಯಲ್ಲೂ ಅಂಥದೊಂದಿದೆ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸ್ ಮುಂದುವರಿಸುವವರಿಲ್ಲದೆ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಅದು ಮತ್ತೆ ಮನೆಗೆ ಬರಲಿಲ್ಲ. ಉಳಿದದ್ದು ಪಟ ಮತ್ತು ಒಂದು ತೀರದ ಜಗಳ. ‘ದೊರೆ ಕೊಟ್ಟ ಕೋವಿ’ ಎಂದು ಅಜ್ಜಿ ಹೇಳುತ್ತಿದ್ದರು. ‘ಪೇಟೆಯಲ್ಲಿ ಹೊಸದಾಗಿ ಕೊಂಡದ್ದು’ ಎನ್ನುವುದು ದೊಡ್ಡಪ್ಪನ ವಾದ. ಕೋವಿಯೇ ಇಲ್ಲದಾಗ ಇದನ್ನು ಇತ್ಯರ್ಥ ಮಾಡುವುದು ಹೇಗೆ?

ಮೊದಲು ಪಟವನ್ನೇ ಕೇಳಬೇಕು. ನಳಿಗೆಯ ಕೆಳಗೆ ಮದ್ದು ಜಡಿಯುವ ಸಲಾಕೆ ಕಾಣುವುದಿಲ್ಲ. ಹಿಡಿಯ ನೆತ್ತಿಯ ಮೇಲೆ, ನಳಿಗೆಯನ್ನು ಬಿಚ್ಚುವ ಸಣ್ಣ ಸನ್ನೆ ಕಾಣುತ್ತದೆ. ಅಂದರೆ ಇದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲ, ಬುಡದಲ್ಲಿ ಮಡಚಿ ತೋಟಾ ಹಾಕುವ ಕೋವಿ. ಎರಡೂ ಬದಿಗೆ ಕಿವಿಗಳಂತೆ ಎರಡು ಕುದುರೆಗಳಿವೆ. ಕುದುರೆಯನ್ನು ಒಳಗೇ ಅಡಗಿಸಿದ ಪ್ರಸಿದ್ಧ ವಿನ್ಯಾಸವನ್ನು ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪೆನಿಯ ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದರು. ಹಾಗೆಂದು ನಮ್ಮ ಕೋವಿ ಅದಕ್ಕಿಂತ ಹಳೆಯದೆಂದು ಹೇಳುವಂತಿಲ್ಲ. ಹೊರಗುದುರೆಯ ಕೋವಿಗಳನ್ನು ಇಪ್ಪತ್ತನೆಯ ಶತಮಾನದಲ್ಲೂ ಮಾಡುತ್ತಲೇ ಇದ್ದರು.

ಇನ್ನು ನೆನಪುಗಳು. ಅದು ‘ಹನ್ನೆರಡರ ಕೋವಿ’ ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಗುಂಡು ಮಾಡಿದರೆ, ಒಂದು ಗುಂಡಿನ ಅಡ್ಡಳತೆಯೇ ಆ ನಳಿಗೆಯ ಒಳ ಅಳತೆ: ಸುಮಾರು 18.5 ಮಿಲಿಮೀಟರ್. ಆದರೆ ಅತಿ ಸಾಮಾನ್ಯವಾದ ಅಳತೆ ಇದೇ ಆದ್ದರಿಂದ ಈ ಸಾಕ್ಷ್ಯದಿಂದ ಹೆಚ್ಚು ಪ್ರಯೋಜನವಿಲ್ಲ.

ಅತ್ತೆಯ ನೆನಪು ಹೆಚ್ಚು ಬೆಲೆಯುಳ್ಳದ್ದು. ‘ನಳಿಗೆಯ ಮೇಲೆ ಹಾವಿನ ಪೊರೆಯ ಹಾಗೆ ಗೆರೆಗಳಿದ್ದವು’ ಎನ್ನುತ್ತಾರೆ. ಇದು ಡಮಾಸ್ಕಸ್ ನಳಿಗೆಯ ಗುರುತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದಾಗ ಈ ಗೆರೆಗಳು ಮೂಡುತ್ತವೆ. ಇಂಗ್ಲೆಂಡಿನಲ್ಲಿಯೂ ಬೆಲ್ಜಿಯಮ್ಮಿನ ಲಿಯೇಜ್ ಸುತ್ತಲೂ ಇಂಥವು ಹೇರಳವಾಗಿ ತಯಾರಾದವು. ಬೆಲ್ಜಿಯಮ್ಮಿನಲ್ಲಂತೂ ಮೊದಲ ಮಹಾಯುದ್ಧದವರೆಗೂ ಈ ಕಸಬು ನಡೆಯಿತು. ಹಾಗಾದರೆ ನಮ್ಮದು ಎಲ್ಲಿಯದು?

ಗಂಟು ಬಿಚ್ಚಿದ್ದು ಚಿಕ್ಕಪ್ಪನ ಒಂದು ತಮಾಷೆಯ ಮಾತು. ಅಜ್ಜ ನಳಿಗೆ ಬಿಚ್ಚಿ ಎಣ್ಣೆ ಹಾಕುವಾಗ ಅದರ ಅಡಿಯಲ್ಲಿ ‘ನಾಟ್ ಫಾರ್ ಬಾಲ್’ ಎಂದು ಕೊರೆದದ್ದನ್ನು ಅವರು ಓದಿದ್ದರಂತೆ. ಕೋವಿಗೂ ಚೆಂಡಿಗೂ ಏನು ಸಂಬಂಧವೆಂದು ಮಕ್ಕಳು ನಕ್ಕಿದ್ದರಂತೆ. ಇಲ್ಲಿ ಬಾಲ್ ಎಂದರೆ ಚೆಂಡಲ್ಲ, ಒಂಟಿ ಗುಂಡು. ಚರೆ ಹೆಚ್ಚು ಚದುರದಿರಲೆಂದು ನಳಿಗೆಯ ಬಾಯನ್ನು ಕಿರಿದುಗೊಳಿಸುವ ‘ಚೋಕ್’ ಪದ್ಧತಿ 1870ರ ದಶಕದಲ್ಲಿ ಜನಪ್ರಿಯವಾಯಿತು. ಅಂಥ ನಳಿಗೆಯಲ್ಲಿ ಅಳತೆಗೆ ಸರಿಯಾದ ಗುಂಡು ಹಾರಿಸಿದರೆ ಬಾಯಲ್ಲಿ ಸಿಕ್ಕಿ ನಳಿಗೆಯೇ ಸಿಡಿಯಬಹುದು. ಆದ್ದರಿಂದ ಬ್ರಿಟನ್ನಿನ ಪರೀಕ್ಷಾ ಕೇಂದ್ರಗಳು ಈ ಎಚ್ಚರಿಕೆಯನ್ನು ಒತ್ತುತ್ತಿದ್ದವು. ಅದೂ 1875ರಿಂದ 1887ರವರೆಗೆ ಮಾತ್ರ. ಆಮೇಲೆ ಅದರ ಬದಲು ‘ಚೋಕ್’ ಎಂಬ ಪದ ಬಂತು.

ಅಂದಮೇಲೆ ನಳಿಗೆ ಬ್ರಿಟನ್ನಿನಲ್ಲಿ ಪರೀಕ್ಷೆಯಾದದ್ದು, ಆ ಹನ್ನೆರಡು ವರ್ಷಗಳ ಅವಧಿಯದು. ಅಜ್ಜ ಹುಟ್ಟಿದ್ದೇ 1901ರಲ್ಲಿ! ಕೋವಿ ಅವರಿಗಿಂತ ಹಿರಿಯದು. ‘ಹೊಸದಾಗಿ ಕೊಂಡದ್ದು’ ಎಂಬ ದೊಡ್ಡಪ್ಪನ ವಾದ ಇಲ್ಲಿಗೆ ಬಿದ್ದುಹೋಯಿತು. ಅಜ್ಜಿಯ ಮಾತು? 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಕಾಫಿ ತೋಟ ತೆರೆದಂದಿನಿಂದ ಈ ಬೆಟ್ಟಗಳಲ್ಲಿ ಇಂಗ್ಲಿಷ್ ಪ್ಲಾಂಟರುಗಳು ತುಂಬಿದ್ದರು. ತೋಟ ಬಿಟ್ಟು ಹೊರಟವರ ಸಾಮಾನುಗಳು ಊರವರ ಕೈಸೇರುವುದು ಸಹಜವೇ. ದೊರೆ ಕೊಟ್ಟಿರಬಹುದು, ಉಡುಗೊರೆಯಾಗಿಯೋ ಹಣಕ್ಕೋ ಎಂಬುದನ್ನು ಮಾತ್ರ ಯಾವ ಮುದ್ರೆಯೂ ಹೇಳದು.

ತಯಾರಕನ ಹೆಸರು ಈಗಲೂ ಸಿಕ್ಕಿಲ್ಲ. ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ನಂಬರು ಸಿಕ್ಕರೂ ಸಾಲದು, ಏಕೆಂದರೆ ಒಬ್ಬೊಬ್ಬ ತಯಾರಕನದೂ ಪ್ರತ್ಯೇಕ ಎಣಿಕೆ. ನಳಿಗೆಯ ಮೇಲಿನ ಹೆಸರೂ ಎಷ್ಟೋ ಸಲ ಮಾಡಿದವನದಲ್ಲ, ಮಾರಿದ ಅಂಗಡಿಯದು.

ಈ ವಿಷಯದಲ್ಲಿ ಕೊಡಗಿನವರು ಭಾಗ್ಯವಂತರು. 1861ರಲ್ಲಿ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ದೊರೆತ ವಿನಾಯಿತಿ, 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮುಂದುವರಿದಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬ ರೂಢಿಯ ಆ ನಾಡಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ.

ಅಂಥ ಹಳೆಯ ಕೋವಿ ಇನ್ನೂ ಮನೆಯಲ್ಲಿರುವವರು ಒಂದು ಕೆಲಸ ಮಾಡಬೇಕು. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆ ಬಿಚ್ಚಿ, ಅಡಿಯ ಮುದ್ರೆಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಕಿರೀಟದ ಗುರುತಿರಲಿ, ಲಿಯೇಜಿನ ಮೊಟ್ಟೆಯಾಕಾರದೊಳಗಿನ ಇ.ಎಲ್.ಜಿ. ಅಕ್ಷರಗಳಿರಲಿ, ಯಾವುದನ್ನೂ ಬಿಡಬಾರದು. ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಗೆಯಾದರೆ ಇಂದಿನ ತೋಟಾ ಹಾಕಿ ಹಾರಿಸುವ ಸಾಹಸ ಬೇಡ. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿ ಕೇಳಬೇಕು, ಮಕ್ಕಳ ತಮಾಷೆಗಳನ್ನೂ ಸೇರಿಸಿ. ನಮಗೆ ಕೊನೆಗೆ ದಾರಿ ತೋರಿಸಿದ್ದು ಅಂಥದೊಂದು ತಮಾಷೆಯೇ. ಅಜ್ಜಿ ಇದ್ದಾಗಲೇ ಕೇಳಿದ್ದರೆ ದೊರೆಯ ಹೆಸರೂ ಸಿಗುತ್ತಿತ್ತೇನೋ.