ಹೊಸನೀರಿನ ಮೀನುಬೇಟೆ (ಕೃಷ್ಣಾ ತೀರ, ವಿಜಯಪುರ)

ಮುಂಗಾರಿನ ಮೊದಲ ರಾಡಿನೀರು ಹೊಳೆಗೆ ಬಂದಾಗ ಮೊಟ್ಟೆಯಿಡಲು ಸೆಳವಿಗೆ ಎದುರಾಗಿ ಹತ್ತುವ ಮೀನುಗಳನ್ನು ಬಲೆ, ಗಾಳ, ಕೂಳಿಗಳಿಂದ ಹಿಡಿಯುವ ಪದ್ಧತಿ. ಮಲೆನಾಡಿನಲ್ಲಿ ಇದು ಹತ್ತುಮೀನಿನ ಬೇಟೆ ಎಂದು ಹೆಸರಾಗಿದೆ. ಅಲ್ಲಿ ಜೂನ್ ಮಳೆಗೆ ಹಳ್ಳ ತುಂಬಿ, ಮೀನು ಗದ್ದೆಯ ಬದುವಿನವರೆಗೂ ಏರುತ್ತದೆ. ವಿಜಯಪುರ ಜಿಲ್ಲೆಯ ಕಥೆ ಬೇರೆ. ಇಲ್ಲಿ ಮಳೆ ಕಡಿಮೆ. ಊರ ಮೇಲೆ ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಕೃಷ್ಣೆ ಉಬ್ಬುತ್ತಾಳೆ. ಹೊಸನೀರು ಮಹಾರಾಷ್ಟ್ರವನ್ನು ದಾಟಿ ಬರುತ್ತದೆ. ಹೊಳೆಯಿಂದ ದೂರದ ಟಿಕೋಟಾ, ಕನಮಡಿ ಸೀಮೆಗೆ ಈ ಬೇಟೆ ಬಹುಕಾಲ ದಂಡೆಯ ಊರುಗಳ ಸಂಗತಿಯಾಗಿಯೇ ಉಳಿದಿತ್ತು.

ನೀರು ಏರಿ ಕಲಕಿದಾಗ, ಸೆಳವು ಹೆಚ್ಚಿದಾಗ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡಲು ಹೊರಡುತ್ತವೆ. ನೆರೆ ಹರಡಿದ ತೆಳುನೀರಿನಲ್ಲಿ, ಮುಳುಗಿದ ಹುಲ್ಲಿನ ನಡುವೆ ಮೊಟ್ಟೆಯೊಡೆದ ಮರಿಗೆ ಬೇಕಾದ ಆಹಾರ ಅಲ್ಲಿಯೇ ಸಿಗುತ್ತದೆ. ನೆರೆ ಇಳಿಯುವ ಹೊತ್ತಿಗೆ ಮರಿಗಳು ಹೊಳೆಗೆ ಮರಳುತ್ತವೆ. ಹೀಗಾಗಿ ಹೊಸನೀರಿನಲ್ಲಿ ಬಲೆಗೆ ಬೀಳುವ ಮೀನು ಬಹುಪಾಲು ಬಸುರಿ ಮೀನು. ಈ ಬೇಟೆಯ ಸುಗ್ಗಿ ಇರುವುದು ಇದರಲ್ಲೇ, ಕೇಡು ಇರುವುದೂ ಇದರಲ್ಲೇ.

ಈ ನಾಡಿನಲ್ಲಿ ಮೀನಿನ ಕುರಿತ ಅರಿವು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1127–1138) ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲು. ಮೀನುಗಳನ್ನು ಹುರುಪೆ ಇರುವವು, ಇಲ್ಲದವು ಎಂದು, ಹೊಳೆಯವು, ಕಡಲಿನವು ಎಂದು ಅದು ವಿಂಗಡಿಸುತ್ತದೆ. ಯಾವ ಮೀನಿಗೆ ಯಾವ ತೀನಿ ಹಾಕಬೇಕೆಂಬುದನ್ನೂ ಗಾಳದ ಕ್ರಮವನ್ನೂ ಹೇಳುತ್ತದೆ. ಅರಸನ ವಿನೋದಕ್ಕೆ ಬರೆದದ್ದಾದರೂ ಇಷ್ಟು ವಿವರ ಹೊಳೆಯ ಮೇಲೆ ಬದುಕಿದವರ ಅನುಭವವಿಲ್ಲದೆ ಬಂದಿರಲಾರದು. ಅದೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕುಲಕಸುಬು ದೋಣಿ ನಡೆಸುವುದು. ಅಂಬಿಗರು, ಕಬ್ಬಲಿಗರು, ಕೋಲಿಗಳು, ಸುಣಗಾರರು ಕೃಷ್ಣಾ, ಭೀಮಾ ದಂಡೆಗಳಲ್ಲಿ ಹರಿಗೋಲು ಹಾಯಿಸುವುದನ್ನೂ ಮೀನು ಹಿಡಿಯುವುದನ್ನೂ ಒಟ್ಟಿಗೇ ಮಾಡಿಕೊಂಡು ಬಂದವರು.

ಒಳನಾಡಿನಲ್ಲಿ ಮೀನಿಗೆ ಕೆರೆಯೇ ಆಸರೆ. ಅಂಥ ಕೆರೆಗಳಲ್ಲೊಂದಾದ, ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯನ್ನು 1633ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ.

ದಖನ್ನಿನ ಮೀನುಗಳನ್ನು ಆಧುನಿಕ ವಿಜ್ಞಾನದ ಕ್ರಮದಲ್ಲಿ ಮೊದಲು ದಾಖಲಿಸಿದವರಲ್ಲಿ ಕರ್ನಲ್ ಡಬ್ಲ್ಯು. ಎಚ್. ಸೈಕ್ಸ್ ಪ್ರಮುಖ. ಭೀಮೆ ಮತ್ತು ಅದರ ಉಪನದಿಗಳ ಮೀನುಗಳನ್ನು ಆತ 1839ರಲ್ಲಿ ವಿವರಿಸಿದ. ದಖನ್ನಿನ ಮಹಶೀರ್, ಬೆಳ್ಳಿಮೈಯ ದೊಡ್ಡ ಮೀನು ಸೈಲೋನಿಯಾ ಚಿಲ್ಡ್ರೆನಿ ಆ ಪಟ್ಟಿಯಲ್ಲಿವೆ. ಎರಡನೆಯದು ಇಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಜೀವಿ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಅಪರಾಧವಾಗಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಸಾಧನಗಳು ಬದಲಾದವು. ಹತ್ತಿ, ಸೆಣಬಿನ ಬಲೆಯ ಜಾಗಕ್ಕೆ ನೈಲಾನ್ ಬಂತು. ಬಿದಿರಿನ ಹರಿಗೋಲಿಗೆ ಹೊದಿಸುತ್ತಿದ್ದ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂತು. ನೈಲಾನ್ ಅಗ್ಗ, ಹಗುರ, ಕೊಳೆಯದು. ಸಣ್ಣ ಕಣ್ಣಿನ ಬಲೆಯನ್ನು ಯಾರು ಬೇಕಾದರೂ ಕೊಳ್ಳುವಂತಾದದ್ದು ಮರಿಮೀನಿಗೆ ಮುಳುವಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಅಲ್ಲಿನ ಜಲಾಶಯದಲ್ಲಿ ಹಬ್ಬಿದ ಅಲಿವಿ ಬಲೆ ಇದಕ್ಕೆ ಒಳ್ಳೆಯ ಉದಾಹರಣೆ. ಜನ ಕೂಡಿ ದಡಕ್ಕೆ ಎಳೆಯುವ ಈ ಭಾರಿ ಬಲೆಯ ಸಣ್ಣ ಕಣ್ಣಿಗೆ ಒಣಗಿಸಿ ಮಾರುವ ಸಣ್ಣ ಮೀನಿನ ಜೊತೆ ದೊಡ್ಡ ಜಾತಿಗಳ ಮರಿಗಳೂ ಸಿಕ್ಕುತ್ತಿದ್ದವು.

ಕೃಷ್ಣೆಯ ಮೇಲೆ ದೊಡ್ಡ ತಿರುವು ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲಿಟ್ಟ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಮೇಲಕ್ಕೆ ಹಿಪ್ಪರಗಿ, ಗಲಗಲಿ ಬ್ಯಾರೇಜುಗಳು. ರೈತರೇ ಹಣ ಕೂಡಿಸಿ, ಮೈಮುರಿದು 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು, ಅಂದರೆ ಶ್ರಮಬಿಂದು ಸಾಗರ. ಕೆಳಕ್ಕೆ ನಾರಾಯಣಪುರದ ಬಸವಸಾಗರ. ಬರದ ಜಿಲ್ಲೆಗೆ ಈ ನೀರು ಜೀವ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತುವ ಮೀನಿನ ದಾರಿ ತುಂಡುತುಂಡಾಯಿತು. ಹಿನ್ನೀರು ಹರಡಿದ ಕಡೆ ಬಲೆ ಬೀಸಲು ಜಾಗ ಹೆಚ್ಚಿತು, ಸೆಳವು ಬೇಡುವ ಹೊಳೆಮೀನಿಗೆ ನೆಲೆ ತಗ್ಗಿತು.

ಈ ಕೊರತೆಯನ್ನು ಮರಿ ಬಿತ್ತಿ ತುಂಬುವುದು ಸರ್ಕಾರದ ದಾರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಸಾರ ಚುಚ್ಚಿ ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಮರಿಗಾಗಿ ಹೊಳೆಯ ನೆರೆಯನ್ನು ಕಾಯುವ ಅಗತ್ಯ ತಪ್ಪಿತು. ಕಾಟ್ಲಾ, ರೋಹು, ಮೃಗಾಲ್ ಮರಿಗಳು ಜಲಾಶಯ, ಕೆರೆಗಳನ್ನು ಸೇರಿದವು. ಕಳೆದ ದಶಕದಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಒಣಗಿದ ಕೆರೆಗಳಿಗೆ ಕೃಷ್ಣೆಯ ನೀರು ಹರಿದಾಗ, ಮೀನು ಸಾಕಣೆಯ ಆಸೆ ಟಿಕೋಟಾ ಭಾಗಕ್ಕೂ ಬಂತು. ಆದರೆ ಬಿತ್ತಿದ ಮೂರು ಜಾತಿಗಳು ಸೈಕ್ಸ್ ಕಂಡ ಹೊಳೆಯ ವೈವಿಧ್ಯಕ್ಕೆ ಸಮವಾಗವು.

ಹತ್ತುವ ಮೀನಿನ ಬೇಟೆ ಬೇರೆ ನಾಡುಗಳಲ್ಲೂ ಇದೆ. ಅಮೆರಿಕದ ದೊಡ್ಡ ಸರೋವರಗಳಲ್ಲಿ ವಸಂತದ ರಾತ್ರಿ ತೊರೆ ಹತ್ತುವ ಸ್ಮೆಲ್ಟ್ ಎಂಬ ಸಣ್ಣ ಮೀನನ್ನು ಜನ ಕೈಬಲೆಯಿಂದ ಎತ್ತುತ್ತಾರೆ. ಅದು 1912ರಲ್ಲಿ ಮಿಷಿಗನ್ನಿನ ಕ್ರಿಸ್ಟಲ್ ಸರೋವರಕ್ಕೆ ತಂದು ಬಿಟ್ಟ ಮೀನಿನ ಸಂತತಿ. 1942–43ರಲ್ಲಿ ಹ್ಯೂರನ್, ಮಿಷಿಗನ್ ಸರೋವರಗಳಲ್ಲಿ ಅದು ಹೆಚ್ಚುಕಡಿಮೆ ನಾಶವಾಗಿ ಮತ್ತೆ ಚೇತರಿಸಿಕೊಂಡಿತು. ಅಲ್ಲಿ ಹೊರಗಿಂದ ಬಂದ ಮೀನು ಏರುತ್ತದೆ; ಇಲ್ಲಿ ಏರುವ ಮೀನು ಈ ನೆಲದ್ದೇ, ಆದ್ದರಿಂದ ಅದನ್ನು ಉಳಿಸಿಕೊಳ್ಳುವ ಹೊಣೆ ದೊಡ್ಡದು.

ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆ 1996ರದು. ಮುಂಗಾರಿನ ಸಂತಾನಕಾಲದಲ್ಲಿ ಜಲಾಶಯಗಳಲ್ಲಿ ಮೀನು ಹಿಡಿಯುವುದನ್ನು ಮೀನುಗಾರಿಕೆ ಇಲಾಖೆ ನಿಷೇಧಿಸುತ್ತದೆ. ಈ ಕಟ್ಟುಪಾಡು ನ್ಯಾಯವಾದದ್ದು, ಆದರೆ ಆ ವಾರಗಳಲ್ಲಿ ಅಂಬಿಗರ ಮನೆಯ ಒಲೆಯೂ ಉರಿಯಬೇಕು. ನಿಷೇಧದ ಕಾಲಕ್ಕೆ ಅವರಿಗೆ ತಕ್ಕ ನೆರವು, ಹೊಳೆಯ ಹಳೆಯ ಜಾತಿಗಳ ಮರಿ ಬೆಳೆಸುವ ಕೆಲಸ, ಇವೆರಡೂ ಜೊತೆಗೂಡಿ ನಡೆಯಬೇಕು.